ಬಾಯಲ್ಲಿ ಗುಂಡುಸೂಜಿ

ಮಾರ್ಚ್ 3, ಸೋಮವಾರ

ಇವತ್ತು ಮೈಯೆಲ್ಲ ಉರಿಯುತ್ತಿದೆ. ಯಾರ ಮೇಲಾದರೂ ಕೂಗಾಡೋಣವೆಂದರೆ ಮಗಳು ಲ್ಯಾಬಿನ ಕೆಲಸಕ್ಕೆ ಹೋಗಿದ್ದಾಳೆ, ಅಳಿಯ ಬಸ್ಸು ಓಡಿಸುತ್ತಿದ್ದಾನೆ, ನನ್ನ ಹೊಲಿಗೆ ಅಂಗಡಿಗೆ ಒಬ್ಬ ಗಿರಾಕಿಯೂ ಬಂದಿಲ್ಲ. ಅದಕ್ಕೇ ಬರೆಯಲು ಕೂತೆ.

ಮೊಮ್ಮಗಳನ್ನು ಶಿಶುವಿಹಾರದಿಂದ ಕರೆತರಲು ಹೋದಾಗ ಕುಂಟುತ್ತ ಬಂದಳು. ಶೂ ಬಿಚ್ಚಿದರೆ ಒಳಗೊಂದು ಕಲ್ಲು. ಹಿಮ್ಮಡಿಯ ಚರ್ಮ ಸುಲಿದು ಕಾಲುಚೀಲಕ್ಕೆ ರಕ್ತ ಅಂಟಿಕೊಂಡಿತ್ತು. ಬೆಳಿಗ್ಗೆ ಆಟದ ಹೊತ್ತಿನಲ್ಲಿ ಹೊಕ್ಕದ್ದಂತೆ. ಟೀಚರಿಗೆ ಯಾಕೆ ಹೇಳಲಿಲ್ಲವೆಂದು ಕೇಳಿದೆ. ಹೇಳಿದೆ ಎಂದಳು. ಅದು ನಿಜವೇ, ಟೀಚರೇ ಒಪ್ಪಿಕೊಂಡಳು. "ಏನೋ ತಾಲು, ತಲ್ಲು ಅಂತಿದ್ಲು, ಅಜ್ಜಿ. ಹಾಡು ಕಟ್ಕೊಂಡು ಆಡ್ತಿದಾಳೆ ಅಂದ್ಕೊಂಡೆ."

ತಾಲಲ್ಲಿ ತಲ್ಲು ಎಂದರೆ ಕಾಲಲ್ಲಿ ಕಲ್ಲು. ಇದರಲ್ಲಿ ಅರ್ಥವಾಗದಿರುವುದು ಏನಿದೆ? ಅವಳು ಕ ಅನ್ನುವ ಕಡೆ ತ ಅನ್ನುತ್ತಾಳೆ, ಗ ಅನ್ನುವ ಕಡೆ ದ ಅನ್ನುತ್ತಾಳೆ. ಸ್ವಲ್ಪ ಕಿವಿಗೊಟ್ಟರೆ ಗೊತ್ತಾಗುತ್ತದೆ. ಆದರೆ ಕಿವಿಗೊಡುವವರು ಯಾರಿದ್ದಾರೆ? ಹೆತ್ತ ತಾಯಿಯೇ "ಏನಂತಮ್ಮಾ ಇವಳದು?" ಎಂದು ನನ್ನ ಮುಖ ನೋಡುತ್ತಾಳೆ. ನನಗೆ ಮಾತ್ರ ಒಂದಕ್ಷರ ತಪ್ಪದೆ ತಿಳಿಯುತ್ತದೆ. ನನ್ನ ಮೊಮ್ಮಗಳು ಮೆಣಸು ನನ್ನ ಕಿವಿಗೆ ಬಾಯಿ ಹಚ್ಚಿ "ದುಟ್ಟು ಅಜ್ಜಿ" ಎಂದು ಗುಟ್ಟು ಹೇಳುವಾಗ ನಗು ಬರುತ್ತದೆ. ಬೀದಿಯಲ್ಲಿ ನಿಂತು ಕೂಗಿದರೂ ಅದು ನಮ್ಮಿಬ್ಬರ ಗುಟ್ಟಾಗಿಯೇ ಉಳಿಯುತ್ತದೆ.

ಅವಳನ್ನು ಮೆಣಸು ಎಂದು ಕರೆಯುವುದು ಸುಮ್ಮನೆ ಅಲ್ಲ. ಐದು ತುಂಬುತ್ತ ಬಂದರೂ ಗಾತ್ರ ಚಿಕ್ಕದು, ಖಾರ ಜಾಸ್ತಿ. ಅಂಥವಳು ಬೆಳಗಿನಿಂದ ಕಲ್ಲು ತುಳಿದುಕೊಂಡು ಓಡಾಡಿದ್ದಾಳೆ.

ಮಾರ್ಚ್ 7, ಶುಕ್ರವಾರ

ಮಗಳು ಹಟ ಹಿಡಿದು ಮಾತಿನ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದಳು. ನಾನೂ ಹೋದೆ, ನಾನಿಲ್ಲದೆ ಅಲ್ಲಿ ಮೆಣಸಿನ ಮಾತು ಯಾರಿಗೆ ತಿಳಿಯಬೇಕು? ಔಷಧಿ ಅಂಗಡಿಯ ಮೇಲಿನ ಮಹಡಿ, ನೆಲಕ್ಕೆ ಹಸಿರು ಚಾಪೆ, ಗೋಡೆಗೆ ಪ್ರಾಣಿಗಳ ಚಿತ್ರ. ಥೆರಪಿಸ್ಟ್ ಎಂದರೆ ದಪ್ಪ ಕನ್ನಡಕದ ಒಬ್ಬ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು.

ಮೊದಲು ಕಿವಿ ಪರೀಕ್ಷೆ. ಕಿವಿ ಸರಿಯಾಗಿದೆ. ಆಮೇಲೆ ಆ ಕನ್ನಡಕದ ಹುಡುಗಿ ಮೆಣಸಿನ ಜೊತೆ ಚಾಪೆಯ ಮೇಲೆ ಕೂತು ಊಟಕ್ಕೆ ಏನು ಇಷ್ಟ, ಮನೆಯಲ್ಲಿ ಯಾರಿದ್ದಾರೆ ಎಂದೆಲ್ಲ ಕೇಳಿದಳು. ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ಆಕೆ ನನ್ನ ಕಡೆ ತಿರುಗಿ, "ಅಜ್ಜೀ, ನಾನು ಅವಳನ್ನ ಕೇಳಿದ್ದು" ಎಂದಳು. ಮಗಳು ನೆಲ ನೋಡುತ್ತ ನಕ್ಕಳು.

ಕಾಗೆಯ ಚಿತ್ರ ತೋರಿಸಿದಾಗ ಮೆಣಸು "ತಾದೆ" ಎಂದಳು. ಆ ಹುಡುಗಿ ಬೇಕೆಂದೇ "ಓಹೋ, ತಾದೆನಾ?" ಎಂದಳು. ಮೆಣಸಿಗೆ ಸಿಟ್ಟು ಬಂತು. "ತಾದೆ ಅಲ್ಲ! ತಾದೆ!" ಎಂದು ಚಾಪೆ ಗುದ್ದಿದಳು. ಇದು ಒಳ್ಳೆಯ ಸೂಚನೆಯಂತೆ. ಸರಿಯಾದ ಶಬ್ದ ಯಾವುದೆಂದು ಕಿವಿಗೆ ಗೊತ್ತಿದೆ, ನಾಲಿಗೆಗೆ ಇನ್ನೂ ಗೊತ್ತಿಲ್ಲ. ಕ, ಗ ಎರಡೂ ನಾಲಿಗೆಯ ಹಿಂಭಾಗ ಮೇಲೆದ್ದು ಆಗುವ ಶಬ್ದಗಳು. ಇವಳು ಹಿಂದಿನ ಕೆಲಸವನ್ನು ನಾಲಿಗೆಯ ತುದಿಯಲ್ಲೇ ಮುಗಿಸಿಬಿಡುತ್ತಾಳೆ. ಎರಡು ಮೂರು ವರ್ಷದಲ್ಲಿ ಎಷ್ಟೋ ಮಕ್ಕಳು ಹೀಗೆ ಮಾಡುತ್ತಾರೆ, ಬೆಳೆಯುತ್ತ ತಾನಾಗಿ ಬಿಡುತ್ತಾರೆ. ಇವಳಿಗೆ ಸ್ವಲ್ಪ ಸಹಾಯ ಬೇಕು. ಒಂದು ಬಂದರೆ ಇನ್ನೊಂದು ಹಿಂದೆಯೇ ಬರಬಹುದು ಎಂದಳು.

ಕೊನೆಗೆ, ಕೆಲವು ಮನೆಗಳಲ್ಲಿ ದೊಡ್ಡವರು ಮಗುವಿನ ಪರವಾಗಿ ತಾವೇ ಮಾತಾಡಿಬಿಡುತ್ತಾರೆ, ಹಾಗೆ ಮಾಡದೆ ಸ್ವಲ್ಪ ಕಾಯಬೇಕು ಎಂದಳು. ಕೆಲವು ಮನೆಗಳಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳಲ್ಲ ನಾನು. ನಾನು ಮಾತಾಡದಿದ್ದರೆ ಮಗು ಕಲ್ಲು ತುಳಿದುಕೊಂಡೇ ಇರಬೇಕಾಗುತ್ತದೆ, ಅಷ್ಟೇ.

ಮಾರ್ಚ್ 12, ಬುಧವಾರ

ಮನೆಯಲ್ಲಿ ಮಾಡಬೇಕಾದ ಅಭ್ಯಾಸ ಶುರುವಾಗಿದೆ. ನೀರು ಬಾಯಿಗೆ ಹಾಕಿಕೊಂಡು ಗಂಟಲಲ್ಲಿ ಗುಳುಗುಳು ಮಾಡಬೇಕು. ಅಂಗಾತ ಮಲಗಿ ಗಂಟಲಿಂದ ಶಬ್ದ ತೆಗೆಯಬೇಕು, ಮಲಗಿದರೆ ನಾಲಿಗೆ ತಾನಾಗಿ ಹಿಂದಕ್ಕೆ ಸರಿಯುತ್ತದಂತೆ. ನಾವು ಕ ಎಂದಾಗ ಅವಳು ಡಬ್ಬಿಗೆ ಒಂದು ಗುಂಡಿ ಹಾಕಬೇಕು, ತ ಎಂದಾಗ ಹಾಕಬಾರದು. ಗುಂಡಿಯ ಆಟದಲ್ಲಿ ಅವಳು ಒಂದೂ ತಪ್ಪುವುದಿಲ್ಲ. ಅಳಿಯ ಉತ್ಸಾಹದಿಂದ ಗುಳುಗುಳು ಮಾಡಿ ತೋರಿಸಲು ಹೋಗಿ ನೀರು ನೆತ್ತಿಗೇರಿಸಿಕೊಂಡು ಕೆಮ್ಮಿದ. ಮೆಣಸು ನಕ್ಕು ನಕ್ಕು ಸಾಕಾದಳು. ಕ ಮಾತ್ರ ಬರಲಿಲ್ಲ.

ಮಾರ್ಚ್ 20, ಗುರುವಾರ

ದೊಡ್ಡ ಶಾಲೆಗೆ ಸೇರಿಸುವ ಮಾತು. ಏಪ್ರಿಲ್ ಎರಡಕ್ಕೆ ಮುಖ್ಯೋಪಾಧ್ಯಾಯಿನಿ ಮಗುವನ್ನು ಮಾತಾಡಿಸಿ ನೋಡುತ್ತಾರಂತೆ. ಅವರಿಗೆ ಸರಿಹೋಗದಿದ್ದರೆ ಇನ್ನೊಂದು ವರ್ಷ ಶಿಶುವಿಹಾರ. ಅವಳ ಜೊತೆಯ ಮಕ್ಕಳೆಲ್ಲ ಮುಂದೆ ಹೋಗಿ ಇವಳೊಬ್ಬಳೇ ಪುಟ್ಟ ಮಕ್ಕಳ ನಡುವೆ ಕೂರಬೇಕು.

ಕನ್ನಡಕದ ಹುಡುಗಿಯನ್ನು ಕೇಳಿದರೆ ಅವಸರ ಮಾಡಬೇಡಿ ಎನ್ನುತ್ತಾಳೆ. ಅವಳಿಗೇನು, ಹೇಳುತ್ತಾಳೆ. ಆಲ್ಟರೇಷನ್ ಕೆಲಸದಲ್ಲೇ ಕೂದಲು ಬೆಳ್ಳಗಾದವಳು ನಾನು. ಹರಿದದ್ದನ್ನು ನೇಯ್ದು ಸರಿಮಾಡಲು ಸಮಯವಿಲ್ಲದಿದ್ದರೆ ಅದನ್ನು ಒಳಗೆ ಮಡಚಿ ಹೊಲಿದುಬಿಡಬೇಕು, ಹೊರಗಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. ಕ ಬರದಿದ್ದರೆ ಕ ಇಲ್ಲದ ಮಾತು ಹೇಳಿದರಾಯಿತು.

ಮಗಳಿಗೂ ಹೇಳಿಲ್ಲ. ಇವತ್ತು ಅಂಗಡಿಯಲ್ಲಿ ಮೆಣಸಿಗೆ ಶುರುಮಾಡಿದೆ. ಕಾಲು ಬೇಡ, ಪಾದ ಅನ್ನು. ಕೊಡೆ ಬೇಡ, ಛತ್ರಿ ಅನ್ನು. ಗಡಿಯಾರ ಬೇಡ, ವಾಚು. ನೀರು ಬೇಕು ಅನ್ನಬೇಡ, ಬಾಯಾರಿದೆ ಅನ್ನು. ಈ ಕೆಲಸಕ್ಕೆ ಕೈಹಾಕಿದ ಮೇಲೆ ಗೊತ್ತಾಯಿತು, ನಮ್ಮ ಭಾಷೆಯಲ್ಲಿ ಕ, ಗ ಬಿಟ್ಟರೆ ಒಂದು ಲೋಟ ನೀರು ಕೇಳುವುದೂ ಕಷ್ಟ. ಆದರೂ ಬಿಡುವವಳು ನಾನಲ್ಲ.

ಮಾರ್ಚ್ 28, ಶುಕ್ರವಾರ

ನನ್ನ ಉಪಾಯ ಫಲಿಸಿದೆ! ಬ್ಯಾಂಡ್ ಮಾಸ್ಟರು ಬಂದಿದ್ದರು. ಕಹಳೆ ಊದಿ ಊದಿ ಅವರ ಹೊಟ್ಟೆ ಬೆಳೆಯುತ್ತದೋ ಏನೋ, ಸಮವಸ್ತ್ರದ ಕೋಟನ್ನು ಸಡಿಲ ಮಾಡಿಸಲು ಆಗಾಗ ಬರುತ್ತಿರುತ್ತಾರೆ. ಮೆಣಸು "ಬಾಯಾರಿದೆ ಅಜ್ಜಿ" ಎಂದಳು. "ಅರೆ, ಎಷ್ಟು ಚೆನ್ನಾಗಿ ಮಾತಾಡ್ತಾಳೆ ಈಗ" ಎಂದು ಮಾಸ್ಟರು ಹುಬ್ಬೇರಿಸಿದರು. ನಾನು ಏನೂ ತಿಳಿಯದವಳಂತೆ ದಾರ ಪೋಣಿಸುತ್ತ ಕೂತೆ. ಬುದ್ಧಿ ಎನ್ನುವುದು ಕನ್ನಡಕದಲ್ಲಿ ಇರುವುದಿಲ್ಲ.

ಏಪ್ರಿಲ್ 2, ಬುಧವಾರ

ತಾನೊಂದು ಬಗೆದರೆ ದೈವವೊಂದು ಬಗೆಯಿತು.

ಮುಖ್ಯೋಪಾಧ್ಯಾಯಿನಿ ಒಳ್ಳೆಯ ಹೆಂಗಸೇ. ಮೆಣಸನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಿತ್ರದ ಪುಸ್ತಕ ತೆರೆದರು. ಕಾಗೆ ತೋರಿಸಿ ಇದೇನು ಎಂದರು. ಮೆಣಸು ನನ್ನ ಕಡೆ ನೋಡಿ "ಹಾರುತ್ತೆ" ಎಂದಳು. ಕುದುರೆ ತೋರಿಸಿದರೆ "ಓಡುತ್ತೆ". ಕತ್ತರಿ ತೋರಿಸಿದರೆ "ಅಜ್ಜಿದು". ಕಿಟಕಿಗೆ ಅವಳ ಹತ್ತಿರ ಏನೂ ಇರಲಿಲ್ಲ, ಬಾಯಿ ಮುಚ್ಚಿ ಕೂತಳು. ಬಾಗಿಲಿಗೂ ಹಾಗೆಯೇ.

ಅವರು ಪುಸ್ತಕ ಮುಚ್ಚಿ ಮಗಳಿಗೆ ಮೆತ್ತಗೆ ಹೇಳಿದರು. "ಮಾತು ಸ್ಪಷ್ಟವಾಗೇ ಇದೆ. ಆದ್ರೆ ಮಗುಗೆ ವಸ್ತುಗಳ ಹೆಸರೇ ಗೊತ್ತಿಲ್ವಲ್ಲಮ್ಮ. ಮೇ ತಿಂಗಳಲ್ಲಿ ಇನ್ನೊಂದ್ಸಲ ಕರ್ಕೊಂಡ್ಬನ್ನಿ, ನೋಡೋಣ."

ಹೆಸರು ಗೊತ್ತಿಲ್ಲವಂತೆ. ಹೊಲಿಗೆ ಮಿಷನ್ನಿನ ಒಂದೊಂದು ಭಾಗದ ಹೆಸರನ್ನೂ ಬಲ್ಲ ನನ್ನ ಮೆಣಸಿಗೆ. ಅದನ್ನು ಅವರಿಗೆ ಹೇಳಿದರೆ ನನ್ನ ಉಪಾಯವೂ ಹೊರಬೀಳುತ್ತದೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಹೊರಗೆ ಬಂದೆ.

ಏಪ್ರಿಲ್ 3, ಗುರುವಾರ

ಅಂಗಡಿಯ ಕಿಟಕಿಯ ಮೇಲೆ ಕಾಗೆ ಕೂತಿತ್ತು. ಯಾವಾಗಲೂ ಕುಣಿದು ನನಗೆ ತೋರಿಸುವ ಮೆಣಸು ಇವತ್ತು ಸುಮ್ಮನೆ ನೋಡುತ್ತಿದ್ದಳು. ನೋಡು ಕಾಗೆ, ಎಂದೆ. ಅವಳು ನನ್ನ ಹತ್ತಿರ ಬಂದು, ಯಾರೂ ಕೇಳಿಸಿಕೊಳ್ಳುತ್ತಿಲ್ಲ ತಾನೇ ಎಂದು ಅತ್ತ ಇತ್ತ ನೋಡಿದಳು.

"ತಾದೆ ತೆಟ್ಟ ಮಾತಾ, ಅಜ್ಜಿ?"



ಏಪ್ರಿಲ್ 8, ಮಂಗಳವಾರ

ಕನ್ನಡಕದ ಹುಡುಗಿಗೆ ಎಲ್ಲ ಹೇಳಿಬಿಟ್ಟೆ. ಮಗಳೂ ಅಲ್ಲೇ ಇದ್ದಳು. ಅವಳ ಮುಖ ಕೆಂಪಾಯಿತು. ಬೈದಿದ್ದರೆ ಚೆನ್ನಾಗಿತ್ತು.

ಹುಡುಗಿಯೂ ಬೈಯಲಿಲ್ಲ. ತಪ್ಪು ಶಬ್ದದಲ್ಲಾದರೂ ಮೆಣಸಿಗೆ ಎಷ್ಟೊಂದು ಮಾತಿತ್ತು, ಈಗ ಆ ಮಾತುಗಳ ಮೇಲೇ ಭಯ ಬಂದಿದೆ, ಮೊದಲು ಅದು ಹೋಗಬೇಕು ಎಂದಳು. ನನಗೆ ಅರ್ಥವಾಯಿತು. ಒಳಗೆ ಮಡಚಿ ಹೊಲಿದದ್ದನ್ನು ಬಿಚ್ಚಬೇಕು. ಹೊಲಿಯುವುದಕ್ಕಿಂತ ಬಿಚ್ಚುವುದು ನಿಧಾನದ ಕೆಲಸ, ಎಳೆದರೆ ಬಟ್ಟೆಯೇ ಹೋಗುತ್ತದೆ. ಹಾಗೆಂದು ಹೇಳಿದ್ದಕ್ಕೆ ಅವಳು, "ಕೆಲಸ ನಿಮಗೆ ಗೊತ್ತಿರೋದೇ ಅಲ್ವಾ ಅಜ್ಜಿ" ಎಂದಳು.

ಎರಡೇ ಮಾತು ಹೇಳಿಕೊಟ್ಟಳು. ಮೆಣಸು ತಾದೆ ಎಂದರೆ ಸರಿಯಾಗಿ ಹೇಳು ಎಂದು ಗದರಬಾರದು. "ಹೌದು, ಕಾಗೆ. ಎಷ್ಟು ಕಪ್ಪಗಿದೆ ಆ ಕಾಗೆ" ಎಂದು ನಮ್ಮ ಮಾತಲ್ಲಿ ಸರಿಯಾದದ್ದನ್ನು ಕೇಳಿಸಬೇಕು. ಇನ್ನೊಂದು, ಬೇರೆಯವರು ಅವಳನ್ನು ಮಾತಾಡಿಸುವಾಗ ನಾನು ನಡುವೆ ಬಾಯಿ ಹಾಕಬಾರದು. ಮೊದಲನೆಯದು ಮಾಡಬಲ್ಲೆ. ಎರಡನೆಯದಕ್ಕೆ ನನ್ನ ಬಾಯಿಗೆ ಬೀಗ ಹಾಕಬೇಕಷ್ಟೇ.

ಏಪ್ರಿಲ್ 16, ಬುಧವಾರ

ಬೀಗ ಸಿಕ್ಕಿತು. ಅದು ನನ್ನ ಬಾಯಲ್ಲೇ ಇತ್ತು.

ಗಿರಾಕಿಗೆ ಬಟ್ಟೆ ತೊಡಿಸಿ ಅಳತೆ ಹಿಡಿಯುವಾಗ ನಾನು ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಿರುತ್ತೇನೆ. ಒಂದೊಂದೇ ತೆಗೆದು ಚುಚ್ಚುತ್ತ ಹೋಗಬೇಕು, ಎಲ್ಲ ದರ್ಜಿಗಳೂ ಮಾಡುವುದೇ ಅದು. ಆಗ ಮನೆಗೆ ಬೆಂಕಿ ಬಿದ್ದರೂ ಹೂಂ, ಹೂಂ ಎನ್ನಬಹುದು ಅಷ್ಟೇ. ಇವತ್ತು ಬ್ಯಾಂಡ್ ಮಾಸ್ಟರ ಕೋಟಿನ ಬೆನ್ನು ಹಿಡಿಯುತ್ತಿದ್ದೆ. ಮೆಣಸು ಮಿಷನ್ನಿನ ಕೆಳಗಿನ ತನ್ನ ಜಾಗದಿಂದ ಹೊರಬಂದು ಅವರನ್ನೇ ನೋಡಿ, "ನಿಮ್ಮ ತಹಳೆ ಎಲ್ಲಿ?" ಎಂದಳು.

ಮಾಸ್ಟರು ನನ್ನನ್ನು ನೋಡಿದರು. ನನ್ನ ನಾಲಿಗೆ ತುದಿಗೆ ಬಂದಿತ್ತು, ಕಹಳೆ ಕೇಳುತ್ತಿದ್ದಾಳೆ ಎಂದು. ಬಾಯ್ತುಂಬ ಸೂಜಿ. ಹೂಂ ಎಂದೆ. ಮಾಸ್ಟರು ಬಗ್ಗಿ "ಏನು ಪುಟ್ಟಾ?" ಎಂದರು. ಅವಳು ಮತ್ತೆ ಅಂದಳು, ಅವರಿಗೆ ಮತ್ತೂ ತಿಳಿಯಲಿಲ್ಲ. ಇನ್ನು ಓಡಿಹೋಗುತ್ತಾಳೆ ಎಂದುಕೊಂಡೆ. ಅವಳು ಓಡಲಿಲ್ಲ. ಎರಡೂ ಕೈ ಬಾಯಿಗೆ ಹಿಡಿದು, ಕೆನ್ನೆ ಉಬ್ಬಿಸಿ, ಪೆಂ ಪೆಂ ಎಂದು ಊದಿ, "ಇದು! ತಹಳೆ!" ಎಂದಳು.

"ಓ, ಕಹಳೆನಾ! ಕಹಳೆ ಮನೇಲಿದೆ, ನಾಳೆ ತರ್ಲಾ?" ಎಂದರು ಮಾಸ್ಟರು. ಯಾರೂ ಹೇಳಿಕೊಡದೆ ಅವರೇ ಸರಿಯಾದದ್ದನ್ನು ಎರಡು ಸಲ ಕೇಳಿಸಿದ್ದರು.

ಇನ್ನು ಮುಂದೆ ಯಾರೇ ಅಂಗಡಿಗೆ ಬರಲಿ, ಕೆಲಸವಿರಲಿ ಇಲ್ಲದಿರಲಿ, ನನ್ನ ಬಾಯಲ್ಲಿ ಸೂಜಿ ಇರುತ್ತದೆ.

ಏಪ್ರಿಲ್ 27, ಭಾನುವಾರ

ಮಧ್ಯಾಹ್ನ ಜಿಪ್ಪು ಬದಲಿಸುತ್ತ ಕೂತಿದ್ದೆ. ಮೆಣಸು ಮಿಷನ್ನಿನ ಕೆಳಗೆ ಅಂಗಾತ ಮಲಗಿ ಪಟ್ಟಿ ತಿರುಗುವುದನ್ನು ನೋಡುತ್ತ ಏನೋ ಗೊಣಗುತ್ತಿದ್ದಳು. ಬಿಕ್ಕಳಿಕೆಯಂಥ ಸದ್ದು ಕೇಳಿತು. ಕಾಲು ನಿಲ್ಲಿಸಿದೆ. "ಅಕ್" ಎಂದಿತು ಕೆಳಗಿನಿಂದ. "ಅಕ್. ಅಕ್. ಕ."

ಮಿಷನ್ ಮತ್ತೆ ತುಳಿದೆ. ಪಟ್ಟಿ ತಿರುಗಿತು, ಮತ್ತೆ ಕ ಬಂತು. ಜಿಪ್ಪನ್ನು ತಲೆಕೆಳಗಾಗಿ ಹೊಲಿದಿದ್ದೆ ಎಂದು ಆಮೇಲೆ ಗೊತ್ತಾಯಿತು. ಕಣ್ಣು ಮಂಜಾಗಿದ್ದರೆ ಇನ್ನೇನಾಗುತ್ತದೆ?

ಮೇ 9, ಶುಕ್ರವಾರ

ಕ ಬಂದರೆ ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಇಲ್ಲ. ಮೊದಲು ಬರೀ ಕ, ಆಮೇಲೆ ಕಾ ಕೀ ಕೂ, ಆಮೇಲೆ ಒಂದೊಂದೇ ಮಾತು. ಯೋಚಿಸಿ ಹೇಳಿದರೆ ಕಾಲು ಎನ್ನುತ್ತಾಳೆ, ಅವಸರವಾದರೆ ತಾಲು. ಅದರ ಮೇಲೆ ಈಗ ಇನ್ನೊಂದು ತಮಾಷೆ. ಸಿಕ್ಕಿದ ಹೊಸ ಶಬ್ದವನ್ನು ಎಲ್ಲ ಕಡೆಗೂ ಅಂಟಿಸುತ್ತಿದ್ದಾಳೆ. ಊಟದ ತಟ್ಟೆಯನ್ನು ಕಟ್ಟೆ ಎನ್ನುತ್ತಾಳೆ. ಅಳಿಯ "ಅತ್ತೆ, ಇವತ್ತು ಎಲ್ಲರಿಗೂ ಕಟ್ಟೆ ಮೇಲೆ ಊಟ" ಎಂದು ರೇಗಿಸಿದ. ಗಾಬರಿಯಾಗಿ ಕನ್ನಡಕದ ಹುಡುಗಿಗೆ ಫೋನ್ ಮಾಡಿದರೆ ಅವಳು ಖುಷಿಪಟ್ಟಳು. ಹೊಸ ಚಪ್ಪಲಿ ಸಿಕ್ಕ ಮಗು ಹಾಸಿಗೆಯಲ್ಲೂ ಹಾಕಿಕೊಳ್ಳುತ್ತದಲ್ಲ, ಹಾಗೆ, ಸ್ವಲ್ಪ ದಿನದಲ್ಲಿ ಸರಿಹೋಗುತ್ತದೆ ಎಂದಳು. ಹುಡುಗಿ ಪರವಾಗಿಲ್ಲ, ವಿಷಯ ಬಲ್ಲವಳು.

ಬ್ಯಾಂಡ್ ಮಾಸ್ಟರು ಬಂದು ಕೋಟು ತೆಗೆದುಕೊಂಡು ಹೋದರು. ಹೋಗುವಾಗ "ಆರೋಗ್ಯ ಚೆನ್ನಾಗಿದೆ ತಾನೇ? ಈಚೆಗೆ ನಿಮ್ಮ ಮಾತೇ ಕಮ್ಮಿಯಾಯ್ತು" ಎಂದರು. ಅವರಿಗೇನೋ ಭ್ರಮೆ. ಬಾಯಲ್ಲಿ ಸೂಜಿ ಇದ್ದರೆ ಯಾರು ಮಾತಾಡುತ್ತಾರೆ?

ಮೇ 21, ಬುಧವಾರ

ಇವತ್ತು ಮತ್ತೆ ಶಾಲೆ. ಈ ಸಲ ನಾನು ಒಳಗೆ ಹೋಗಲಿಲ್ಲ. ನಾನಿದ್ದರೆ ಅವಳು ನನ್ನ ಮುಖ ನೋಡುತ್ತಾಳೆ. ಮಗಳೂ ನನ್ನ ಜೊತೆ ಹೊರಗಿನ ಬೆಂಚಿನ ಮೇಲೆ ಕೂತಳು. ಮುಚ್ಚಿದ ಬಾಗಿಲ ಆಚೆ ಏನು ನಡೆಯುತ್ತಿದೆಯೋ ಒಂದೂ ಕೇಳಿಸುತ್ತಿರಲಿಲ್ಲ. ನನ್ನ ಕೈ ಸೆರಗಿನ ಅಂಚನ್ನು ಮಡಚುವುದು, ಬಿಚ್ಚುವುದು ಮಾಡುತ್ತಿತ್ತು.

ಮಗಳು ತಾನಾಗಿಯೇ ಮಾತು ತೆಗೆದಳು. ಲ್ಯಾಬಿನಲ್ಲಿ ಅವಳ ಮೇಲಿನವರು ಕೆಲಸ ಬಿಟ್ಟುಹೋಗುತ್ತಿದ್ದಾರಂತೆ, ಆ ಜಾಗಕ್ಕೆ ಇವಳನ್ನು ಕೇಳಿದ್ದಾರಂತೆ, ಆಗುತ್ತದೋ ಇಲ್ಲವೋ ಎಂದು ಭಯವಂತೆ. ಓದು ಮುಂದುವರಿಸಬೇಕೆಂಬ ಆಸೆಯೂ ಇದೆಯಂತೆ. ಒಂದಾದ ಮೇಲೊಂದು ಹೇಳುತ್ತ ಹೋದಳು, ನಾನು ಕೇಳುತ್ತ ಕೂತೆ. ಇವಳ ಹೊಟ್ಟೆಯಲ್ಲಿ ಇಷ್ಟು ಮಾತಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ವಯಸ್ಸಾಗುತ್ತ ಕೆಲವರಿಗೆ ಮಾತು ಹೆಚ್ಚುತ್ತದೇನೋ.

ಬಾಗಿಲು ತೆರೆಯಿತು. ಮೆಣಸು ಮುಂದೆ, ಮುಖ್ಯೋಪಾಧ್ಯಾಯಿನಿ ಹಿಂದೆ. ಅವರು ನಗುತ್ತಿದ್ದರು. "ಏನ್ರೀ, ಹೊಲಿಗೆ ಮಿಷನ್ ಬಗ್ಗೆ ನನಗೇ ಪಾಠ ಮಾಡಿದ್ಲು ಇವಳು. ಒಂದೊಂದು ಮಾತು ಎರಡು ಸಲ ಕೇಳ್ಬೇಕಾಯ್ತು. ಕೇಳಿದ್ರೆ ಬೇಜಾರಿಲ್ದೆ ಮತ್ತೆ ಹೇಳ್ತಾಳೆ. ಕಳಿಸಿ, ನೋಡ್ಕೋತೀವಿ."

ಮಗಳು ನನ್ನ ಕೈ ಹಿಡಿದುಕೊಂಡಳು. ನಾನು ಅಲ್ಲೇ ಅತ್ತುಬಿಟ್ಟೆ. ಯಾರು ನೋಡಿದರೂ ನನಗೇನು?

ಜೂನ್ 2, ಸೋಮವಾರ

ಶಾಲೆಯ ಮೊದಲ ದಿನ. ಹೊಸ ಶೂ ಹಾಕುವ ಮುಂಚೆ ತಲೆಕೆಳಗು ಮಾಡಿ ಕೊಡವಿದಳು. ಯಾಕೆಂದು ಕೇಳಿದ್ದಕ್ಕೆ "ಕಲ್ಲು" ಎಂದಳು. ಗೇಟಿನ ಹತ್ತಿರ ನನ್ನ ಕೈ ಬಿಟ್ಟು ಹೋದಳು, ತಿರುಗಿ ನೋಡಲಿಲ್ಲ. ಅಂಗಡಿ ಖಾಲಿ ಖಾಲಿ. ಮಿಷನ್ನಿನ ಕೆಳಗೆ ಎರಡು ಸಲ ಬಗ್ಗಿ ನೋಡಿದೆ.

ಜೂನ್ 6, ಶುಕ್ರವಾರ

ಬ್ಯಾಂಡ್ ಮಾಸ್ಟರ ಕೋಟಿಗೆ ಹೊಸ ಗುಂಡಿ ಹಾಕುತ್ತಿದ್ದೆ. ಅವರು ಎದುರಿನ ಸ್ಟೂಲಿನ ಮೇಲೆ ಕೂತಿದ್ದರು. ಸೂಜಿಗಳೆಲ್ಲ ಅವುಗಳ ದಿಂಬಿನಲ್ಲಿ ಚುಚ್ಚಿಕೊಂಡು ಆರಾಮಾಗಿದ್ದವು, ಗುಂಡಿ ಹಾಕುವುದಕ್ಕೆ ಅವು ಯಾಕೆ ಬೇಕು? ಮೆಣಸು ಶಾಲೆಯಿಂದ ಬಂದು ಚೀಲ ಎಸೆದಳು. ಮಾಸ್ಟರಿಗೆ ಶಾಲೆಯ ಗಂಟೆಯ ಕಥೆ ಹೇಳಿದಳು. ಅವಳು ಗಂಟೆಯನ್ನು ಮೊದಲು ದಂಟೆ ಎಂದಳು, ಮಾಸ್ಟರು ಏನು ಎಂದು ಕೇಳಿದರು, ಅವಳು ಒಂದು ಗಳಿಗೆ ನಿಂತು ಗಂಟೆ ಎಂದಳು. ನಾನು ದಾರ ಕಚ್ಚಿ ಕತ್ತರಿಸಿದೆ. ಗ ಹಿಂದೆಯೇ ಬರುತ್ತದೆ ಎಂದು ಕನ್ನಡಕದ ಹುಡುಗಿ ಮೊದಲ ದಿನವೇ ಹೇಳಿದ್ದಳು.

ಆಮೇಲೆ ಮಿಷನ್ನಿನ ಕೆಳಗೆ ನುಸುಳಿ ಒಬ್ಬಳೇ ಕಿಲಕಿಲ ನಗತೊಡಗಿದಳು. ಏನೋ ನೆನಪಾಗಿ ಬರುವ ನಗು ಅದು. ಏನೇ ಅದು ಎಂದೆ. ಕಾದೆ. ಕೊನೆಗೆ ಹೊರಗೆ ಬಂದು, ಹಿಂದಿನ ಹಾಗೆ ನನ್ನ ಹೆಗಲು ಹಿಡಿದು ಕಿವಿಗೆ ಬಾಯಿ ಹಚ್ಚಿದಳು. ನಾನು ಬಗ್ಗಿದೆ.

"ಅದು ಗುಟ್ಟು ಅಜ್ಜಿ. ನನಗೂ ನನ್ನ ಪಕ್ಕ ಕೂರೋಳಿಗೂ ಮಾತ್ರ."

ಅಷ್ಟೇ. ಹೇಳಿ ಮತ್ತೆ ಕೆಳಗೆ ನುಸುಳಿದಳು. ಒಂದೊಂದು ಅಕ್ಷರವೂ ನೆಟ್ಟಗೆ ಬಂದಿತ್ತು. ನನಗೆ ಸಂತೋಷವಾಯಿತು. ಸುಳ್ಳೇಕೆ ಬರೆಯಲಿ, ಹೊಟ್ಟೆಕಿಚ್ಚೂ ಆಯಿತು. ಯಾರು ಆ ಪಕ್ಕ ಕೂರುವವಳು?

ಮಾಸ್ಟರು ಕುತೂಹಲದಿಂದ ನನ್ನ ಕಡೆ ಬಾಗಿ, "ಏನಂತೆ?" ಎಂದರು.

"ನಂಗೇನು ಗೊತ್ತು? ಅವಳನ್ನೇ ಕೇಳಿ" ಎಂದೆ. ಎರಡನೆಯ ಗುಂಡಿಗೆ ದಾರ ಪೋಣಿಸಿಕೊಂಡೆ.